ಮೈನರ್ ಲೀಗಿನ ಎಳೆಯ ಆಟಗಾರರನ್ನು ಅಳೆಯುವ ಮೂರು ಸೇವೆಗಳು: ಮೈಸೂರಿನಿಂದ ಒಂದು ವಿಮರ್ಶೆ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲಿನ ಒಂದು ತಂಡ ಈ ವರ್ಷ ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಅಂಕಪಟ್ಟಿಯೇ ಹೇಳುತ್ತದೆ. ಅದೇ ತಂಡ ಇನ್ನು ನಾಲ್ಕೈದು ವರ್ಷಗಳಲ್ಲಿ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಅದರ ಮೈನರ್ ಲೀಗ್ ತಂಡಗಳಲ್ಲಿ ಬೆಳೆಯುತ್ತಿರುವ ಹುಡುಗರ ಕಡೆ ನೋಡಬೇಕು. ಆ ಹುಡುಗರಿಗೆ ಅಂಕ ಕೊಟ್ಟು, ಅವರ ಆಧಾರದ ಮೇಲೆ ಮೂವತ್ತೂ ತಂಡಗಳನ್ನು ಸಾಲಾಗಿ ನಿಲ್ಲಿಸುವ ಸೇವೆಗಳು ಹಲವಿದ್ದರೂ ನಾನು ಹಲವು ಋತುಗಳಿಂದ ಓದುತ್ತಾ ಬಂದಿರುವುದು ಮೂರನ್ನು: ಬೇಸ್‌ಬಾಲ್ ಅಮೆರಿಕ, ಫ್ಯಾನ್‌ಗ್ರಾಫ್ಸ್, ಮತ್ತು ಲೀಗೇ ನಡೆಸುವ ಎಂಎಲ್‌ಬಿ ಪೈಪ್‌ಲೈನ್. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮೂರೂ ಶ್ರದ್ಧೆಯಿಂದ ನಡೆಯುವ ಒಳ್ಳೆಯ ಸೇವೆಗಳು. ಆದರೆ ಇವುಗಳಲ್ಲಿ ಎಲ್ಲರ ಕಣ್ಣಿಗೆ ಮೊದಲು ಬೀಳುವ ಭಾಗ, ಅಂದರೆ ಯಾವ ತಂಡದ ಯುವ ಬಳಗ ಒಂದನೆಯದು, ಯಾವುದು ಮೂವತ್ತನೆಯದು ಎಂಬ ಶ್ರೇಯಾಂಕ, ಅತ್ಯಂತ ಕಡಿಮೆ ಉಪಯೋಗದ ಭಾಗ. ಅದರ ಕೆಳಗಿರುವ ವಯಸ್ಸು, ಹಂತ, ಅಪಾಯದ ಅಂದಾಜು ಮತ್ತು ಬಿಡಿ ಬಿಡಿ ಅಂಕಗಳಲ್ಲಿ ನಿಜವಾದ ಸರಕಿದೆ.

ಮೈಸೂರಿನ ಓದುಗರಿಗೆ ಇದೆಲ್ಲ ಏಕೆ ಬೇಕು ಎಂದು ಕೇಳಬಹುದು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಬೇಸಿಗೆಯ ಸಂಜೆ ಏಳಕ್ಕೆ ಆಟ ಶುರುವಾದರೆ ನಮಗೆ ಆಗ ಬೆಳಗಿನ ಜಾವ ನಾಲ್ಕೂವರೆ. ಪಶ್ಚಿಮ ಕರಾವಳಿಯ ಆಟವಾದರೆ ಬೆಳಿಗ್ಗೆ ಏಳೂವರೆ. ಮೇಜರ್ ಲೀಗಿನ ಆಟವನ್ನೇ ಪೂರ್ತಿ ನೋಡುವುದು ಕಷ್ಟವಾಗಿರುವಾಗ ಮೈನರ್ ಲೀಗಿನ ನೂರಾರು ಆಟಗಳನ್ನು ಹಿಂಬಾಲಿಸುವುದು ಇಲ್ಲಿಂದ ಸಾಧ್ಯವೇ ಇಲ್ಲ, ಆದ್ದರಿಂದ ನಾವು ಬೇರೆಯವರ ಕಣ್ಣನ್ನೇ ನಂಬಬೇಕು. ಇನ್ನೊಂದು ಕಾರಣ ನನ್ನ ಮಟ್ಟಿಗೆ ಹೆಚ್ಚು ಮುಖ್ಯವಾದದ್ದು. ಮಾನಸಗಂಗೋತ್ರಿಯ ಮೈದಾನದಲ್ಲಿ ವಲಯ ಮಟ್ಟದ ಕ್ರಿಕೆಟ್ ಪಂದ್ಯಗಳನ್ನು ನೋಡುತ್ತಾ, ಯಾವ ಹುಡುಗ ರಾಜ್ಯ ತಂಡಕ್ಕೆ ಹೋಗಬಲ್ಲ ಎಂದು ವಾದಿಸುವ ಅಭ್ಯಾಸ ಈ ಊರಿನಲ್ಲಿ ಅನೇಕರಿಗೆ ಇದೆ. ಆ ವಾದಕ್ಕೆ ಒಂದು ಶಿಸ್ತನ್ನು ಈ ಸೇವೆಗಳು ಕಲಿಸಿಕೊಡುತ್ತವೆ.

ಮೊದಲು ವ್ಯವಸ್ಥೆಯ ಸ್ವರೂಪವನ್ನು ಸಂಕ್ಷಿಪ್ತವಾಗಿ ನೋಡೋಣ. ಬೇರೆ ಊರುಗಳ ಸಣ್ಣ ತಂಡಗಳನ್ನು ಕೊಂಡು ಅಥವಾ ಒಪ್ಪಂದ ಮಾಡಿಕೊಂಡು, ಅಲ್ಲಿ ತನ್ನದೇ ಆಟಗಾರರನ್ನು ಬೆಳೆಸುವ ಪದ್ಧತಿಯನ್ನು 1920ರ ದಶಕದಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದಲ್ಲಿ ಕಟ್ಟಿದವರು ಬ್ರಾಂಚ್ ರಿಕಿ. ಸಿದ್ಧ ಆಟಗಾರರನ್ನು ಕೊಳ್ಳಲು ಶ್ರೀಮಂತ ತಂಡಗಳೊಡನೆ ಪೈಪೋಟಿ ನಡೆಸುವಷ್ಟು ಹಣ ಆ ತಂಡದಲ್ಲಿ ಇರಲಿಲ್ಲ ಎಂಬುದೇ ಅದರ ಮೂಲ. ಇದೇ ರಿಕಿ ಮುಂದೆ ಬ್ರೂಕ್ಲಿನ್ ಡಾಡ್ಜರ್ಸ್ ತಂಡದಲ್ಲಿದ್ದಾಗ ಜಾಕಿ ರಾಬಿನ್ಸನ್ ಅವರನ್ನು 1946ರಲ್ಲಿ ಮಾಂಟ್ರಿಯಲ್‌ನ ಮೈನರ್ ಲೀಗ್ ತಂಡದಲ್ಲಿ ಆಡಿಸಿ, 1947ರಲ್ಲಿ ಮೇಜರ್ ಲೀಗಿಗೆ ತಂದರು. 2021ರ ಮರುರಚನೆಯ ನಂತರ ಈ ವ್ಯವಸ್ಥೆಯಲ್ಲಿ 120 ತಂಡಗಳಿವೆ; ಪ್ರತಿ ಮೇಜರ್ ಲೀಗ್ ತಂಡಕ್ಕೆ ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ ಎಂಬ ನಾಲ್ಕು ಮೆಟ್ಟಿಲುಗಳು. ಅವುಗಳ ಕೆಳಗೆ ಫ್ಲಾರಿಡಾ, ಅರಿಜೋನಾಗಳ ತರಬೇತಿ ಕೇಂದ್ರಗಳ ಲೀಗುಗಳೂ ಡೊಮಿನಿಕನ್ ಗಣರಾಜ್ಯದ ಬೇಸಿಗೆ ಲೀಗೂ ಇವೆ. ಅಮೆರಿಕದ ಶಾಲೆ, ಕಾಲೇಜುಗಳ ಆಟಗಾರರು ಈಗ 20 ಸುತ್ತುಗಳ ವಾರ್ಷಿಕ ಡ್ರಾಫ್ಟ್, ಅಂದರೆ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯ ಮೂಲಕ ಬರುತ್ತಾರೆ. ವೆನೆಜುವೆಲಾ, ಡೊಮಿನಿಕನ್ ಗಣರಾಜ್ಯ ಮೊದಲಾದ ಕಡೆಯ ಹುಡುಗರು ಹದಿನಾರರ ವಯಸ್ಸಿಗೇ ಸಹಿ ಹಾಕಬಹುದು. ಹೀಗೆ ಒಂದೇ ತಂಡದ ಬುಡದಲ್ಲಿ ಹದಿನೇಳರ ಹುಡುಗನಿಂದ ಇಪ್ಪತ್ತೆಂಟರ ಅನುಭವಿಯವರೆಗೆ ನೂರಕ್ಕೂ ಹೆಚ್ಚು ಆಟಗಾರರಿರುತ್ತಾರೆ, ಮತ್ತು ಅವರಲ್ಲಿ ಬಹುಪಾಲು ಜನ ಮೇಜರ್ ಲೀಗನ್ನು ಎಂದೂ ಮುಟ್ಟುವುದಿಲ್ಲ.

ಇವರನ್ನು ಅಳೆಯುವ ಕೋಲು 20ರಿಂದ 80ರವರೆಗಿನ ಅಂಕ. ಮೇಜರ್ ಲೀಗಿನ ಸರಾಸರಿ ಆಟಗಾರನ ಮಟ್ಟ 50. ತಾತ್ವಿಕವಾಗಿ ಪ್ರತಿ ಹತ್ತು ಅಂಕವೂ ಸಂಖ್ಯಾಶಾಸ್ತ್ರದ ಒಂದು ಮಾನಕ ವಿಚಲನೆಗೆ ಸಮ, ಅಂದರೆ 60 ಪಡೆದವನು ಸುಮಾರು ನೂರರಲ್ಲಿ ಎಂಬತ್ತನಾಲ್ಕು ಜನರಿಗಿಂತ ಮೇಲು, 70 ಪಡೆದವನಿಗಿಂತ ಮೇಲಿರುವವರು ನೂರಕ್ಕೆ ಇಬ್ಬರೋ ಮೂವರೋ ಅಷ್ಟೆ. ಹೊಸ ಓದುಗರು ಇಲ್ಲಿ ಎಡವುವುದು ಸಹಜ. ನಮ್ಮ ಪರೀಕ್ಷೆಗಳ ಲೆಕ್ಕದಲ್ಲಿ 50 ಎಂದರೆ ಹೇಗೋ ಪಾಸಾದಂತೆ ಕಾಣುತ್ತದೆ, ಆದರೆ ಇಲ್ಲಿ 50 ಎಂದರೆ ಜಗತ್ತಿನ ಅತ್ಯುನ್ನತ ಲೀಗಿನಲ್ಲಿ ದಿನವೂ ಆಡಬಲ್ಲವನು. ಪ್ರತಿ ಆಟಗಾರನಿಗೂ ಎರಡು ಬಗೆಯ ಅಂಕಗಳಿರುವುದನ್ನೂ ಗಮನಿಸಬೇಕು: ಇಂದು ಅವನು ಎಲ್ಲಿದ್ದಾನೆ ಎಂಬುದು ಒಂದು, ಬೆಳೆದ ಮೇಲೆ ಎಲ್ಲಿಗೆ ಮುಟ್ಟಬಹುದು ಎಂಬುದು ಇನ್ನೊಂದು. ಇವೆರಡರ ನಡುವಿನ ಅಂತರ ದೊಡ್ಡದಿದ್ದಷ್ಟೂ ಎರಡನೆಯದನ್ನು ಎಚ್ಚರಿಕೆಯಿಂದ ಓದಬೇಕು.

ಬ್ಯಾಟರ್‌ಗೆ ಐದು ಗುಣಗಳಲ್ಲಿ ಅಂಕ: ಚೆಂಡನ್ನು ಸರಿಯಾಗಿ ಮುಟ್ಟಿಸುವುದು, ದೂರ ಹೊಡೆಯುವ ಬಲ, ಓಟ, ಎಸೆತ, ಕ್ಷೇತ್ರರಕ್ಷಣೆ. ಕ್ರಿಕೆಟಿನ ಬೌಲರ್‌ನಂತೆ ಚೆಂಡೆಸೆಯುವ ಪಿಚರ್‌ಗೆ ಅವನ ಪ್ರತಿಯೊಂದು ಬಗೆಯ ಎಸೆತಕ್ಕೂ, ಹತೋಟಿಗೂ ಬೇರೆ ಬೇರೆ ಅಂಕ. ಒಂದೇ ಗುಣದ ಬಲದಿಂದ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಭಾರತೀಯರಿಗೆ ಹತ್ತಿರದ ಉದಾಹರಣೆ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಅವರದು. ಬೇಸ್‌ಬಾಲನ್ನೇ ಆಡಿರದ ಉತ್ತರ ಪ್ರದೇಶದ ಈ ಇಬ್ಬರು ಯುವಕರು ವೇಗದ ಎಸೆತದ ಸ್ಪರ್ಧೆಯೊಂದರ ಮೂಲಕ ಆಯ್ಕೆಯಾಗಿ, 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದೊಡನೆ ಒಪ್ಪಂದಕ್ಕೆ ಸಹಿ ಹಾಕಿದರು. ಅವರಲ್ಲಿ ಹೆಚ್ಚು ಮುಂದೆ ಹೋದ ರಿಂಕು ಸಿಂಗ್ ತಲುಪಿದ್ದು ಸಿಂಗಲ್-ಎ ಮಟ್ಟವನ್ನು. ಅದು ಸಣ್ಣ ಸಾಧನೆಯಲ್ಲ. ಆದರೆ ತೋಳಿನ ವೇಗ ಒಂದೇ ಇದ್ದರೆ ಮೆಟ್ಟಿಲು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಅದು ತೋರಿಸುತ್ತದೆ.

ಇನ್ನು ಸೇವೆಗಳ ವಿಷಯ. ಎಂಎಲ್‌ಬಿ ಪೈಪ್‌ಲೈನ್ ಉಚಿತ, ಅಚ್ಚುಕಟ್ಟು, ಮತ್ತು ಮೊದಲ ಸಲ ಓದುವವರಿಗೆ ಇದಕ್ಕಿಂತ ಸುಲಭವಾದದ್ದಿಲ್ಲ. ಒಟ್ಟು ಲೀಗಿಗೆ ನೂರು ಜನರ ಪಟ್ಟಿ, ಪ್ರತಿ ತಂಡಕ್ಕೆ ಮೂವತ್ತು ಜನರ ಪಟ್ಟಿ, ಪ್ರತಿಯೊಬ್ಬರಿಗೂ ಗುಣವಾರು ಅಂಕ, ಒಂದೆರಡು ಪ್ಯಾರಾಗಳ ವಿವರಣೆ ಮತ್ತು ಆಟದ ತುಣುಕುಗಳು ಸಿಗುತ್ತವೆ. ಬರಹದ ಧಾಟಿ ಮಾತ್ರ ಹೆಚ್ಚು ಆಶಾವಾದದ್ದು. ಲೀಗಿನ ಮನೆಯೊಳಗಿನ ಪ್ರಕಟಣೆ ಎಂಬುದು ಅದಕ್ಕೆ ಕಾರಣವಿರಬಹುದು. ಓದಿದವರಿಗೆ ಎಲ್ಲ ಹುಡುಗರೂ ಇನ್ನೇನು ಬಂದೇಬಿಡುತ್ತಾರೆ ಎಂಬ ಭಾವನೆ ಉಳಿಯುತ್ತದೆ.

ಬೇಸ್‌ಬಾಲ್ ಅಮೆರಿಕ ಈ ಕೆಲಸದ ಹಿರಿಯ. 1980ರ ದಶಕದ ಆರಂಭದಲ್ಲಿ ಅಲನ್ ಸಿಂಪ್ಸನ್ ಅವರು ಕೆನಡಾದಿಂದ ಆರಂಭಿಸಿದ ಈ ಪತ್ರಿಕೆ, ನೂರು ಆಟಗಾರರ ತನ್ನ ವಾರ್ಷಿಕ ಪಟ್ಟಿಯನ್ನು 1990ರಿಂದ ಪ್ರಕಟಿಸುತ್ತಿದೆ. ಚಂದಾ ಕೊಡಬೇಕಾದ ಸೇವೆ ಇದು. ಕೊಟ್ಟ ಹಣಕ್ಕೆ ಸಿಗುವ ಮುಖ್ಯ ವಸ್ತು ಹಳೆಯ ದಾಖಲೆ: ಮೂರು ದಶಕಗಳಿಗೂ ಮೀರಿದ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ಅಂದು ಹೇಳಿದ್ದೇನು, ಆದದ್ದೇನು ಎಂದು ತಾಳೆ ನೋಡಬಹುದು. ಇದರ ಇನ್ನೊಂದು ಗುಣ ಅಪಾಯದ ಅಂದಾಜು. ಒಬ್ಬ ಆಟಗಾರನ ಸಾಧ್ಯತೆಗೆ 55 ಎಂದು ಕೊಟ್ಟ ಕೂಡಲೇ, ಆ ಮಟ್ಟ ಮುಟ್ಟದೆ ಹೋಗುವ ಅಪಾಯ ಕಡಿಮೆಯೋ, ಮಧ್ಯಮವೋ, ಹೆಚ್ಚೋ, ಅತಿ ಹೆಚ್ಚೋ ಎಂದು ಪಕ್ಕದಲ್ಲೇ ಬರೆಯುತ್ತಾರೆ. ಒಂದೇ ಅಂಕದ ಇಬ್ಬರು ಹುಡುಗರಲ್ಲಿ ಒಬ್ಬನು ಟ್ರಿಪಲ್-ಎ ದಾಟಿ ಬಾಗಿಲಲ್ಲಿ ನಿಂತಿರುತ್ತಾನೆ, ಇನ್ನೊಬ್ಬನು ಡೊಮಿನಿಕನ್ ಲೀಗಿನಲ್ಲಿ ಒಂದು ಬೇಸಿಗೆಯನ್ನಷ್ಟೇ ಆಡಿರುತ್ತಾನೆ. ಅಪಾಯದ ಸಾಲು ಇಲ್ಲದಿದ್ದರೆ ಇಬ್ಬರೂ ಒಂದೇ ಎಂದು ನಾವು ತಿಳಿಯುತ್ತೇವೆ.

ಫ್ಯಾನ್‌ಗ್ರಾಫ್ಸ್ ಬಗೆಗೆ ನನಗೆ ಹೆಚ್ಚಿನ ಒಲವಿದೆ, ಅದನ್ನು ಮುಚ್ಚಿಡುವುದಿಲ್ಲ. ಇಲ್ಲಿ ಪ್ರತಿ ಆಟಗಾರನಿಗೂ ‘ಫ್ಯೂಚರ್ ವ್ಯಾಲ್ಯೂ’ ಎಂಬ ಒಂದೇ ಅಂಕವಿದೆ. ಸಾಧ್ಯತೆ, ಅಪಾಯ, ಮೇಜರ್ ಲೀಗಿಗೆ ಇರುವ ದೂರ, ಎಲ್ಲವೂ ಅದರೊಳಗೆ ಸೇರಿರುತ್ತವೆ. 50 ಎಂದರೆ ಸರಾಸರಿ ಕಾಯಂ ಆಟಗಾರ, 60 ಎಂದರೆ ತಾರೆಗಳ ಆಲ್-ಸ್ಟಾರ್ ಪಂದ್ಯಕ್ಕೆ ಆಯ್ಕೆಯಾಗಬಲ್ಲ ಮಟ್ಟ, 40 ಎಂದರೆ ಬೆಂಚಿನಲ್ಲೋ, ಆಟದ ನಡುವೆ ಬದಲಿಯಾಗಿ ಬರುವ ಪಿಚರ್‌ಗಳ ಗುಂಪಾದ ಬುಲ್‌ಪೆನ್ನಿನಲ್ಲೋ ಉಪಯೋಗಕ್ಕೆ ಬರುವವನು. ತಂಡಕ್ಕೆ ಮೂವತ್ತು ಜನ ಎಂಬ ಗಡಿಯನ್ನು ಅವರು ಇಟ್ಟುಕೊಂಡಿಲ್ಲ. ಅಂಕದ ಒಂದು ಕನಿಷ್ಠ ಮಟ್ಟವನ್ನು ಮುಟ್ಟಿದವರೆಲ್ಲರೂ ಪಟ್ಟಿಯಲ್ಲಿ ಬರುತ್ತಾರೆ, ಆದ್ದರಿಂದ ಒಂದು ತಂಡದ ಪಟ್ಟಿ ಉದ್ದವಾಗಿಯೂ ಇನ್ನೊಂದರದು ಚಿಕ್ಕದಾಗಿಯೂ ಇರುತ್ತದೆ. ಆ ಉದ್ದವೇ ತಂಡದ ಆಳವನ್ನು ಹೇಳಿಬಿಡುತ್ತದೆ. ಮೂವತ್ತೂ ತಂಡಗಳ ಆಟಗಾರರನ್ನು ವಯಸ್ಸು, ಸ್ಥಾನ, ಹಂತದ ಪ್ರಕಾರ ಜೋಡಿಸಿ ನೋಡುವ ಅವರ ಪಟ್ಟಿಕೆ ಉತ್ತಮವಾದ ಸಾಧನ. ತೊಂದರೆ ಏನೆಂದರೆ, ತಂಡವಾರು ಲೇಖನಗಳು ಒಂದೊಂದಾಗಿ ತಿಂಗಳುಗಟ್ಟಲೆ ಹರಡಿ ಬರುವುದರಿಂದ ಕೆಲವು ತಂಡಗಳ ಮಾಹಿತಿ ಬೇರೆಯವುಗಳಿಗಿಂತ ಹಳತಾಗಿರುತ್ತದೆ. ಬರಹವೂ ಬೇಸ್‌ಬಾಲನ್ನು ಈಗಾಗಲೇ ಬಲ್ಲವರಿಗಾಗಿ ಬರೆದದ್ದು.

ಶ್ರೇಯಾಂಕದ ಬೆಲೆ ಎಷ್ಟು ಎಂಬುದನ್ನು ಒಂದೇ ತಂಡದ ಕತೆಯಿಂದ ವಿವರವಾಗಿ ನೋಡಬಹುದು. 2011ರ ಆರಂಭದಲ್ಲಿ ಬೇಸ್‌ಬಾಲ್ ಅಮೆರಿಕ ಕಾನ್ಸಾಸ್ ಸಿಟಿ ರಾಯಲ್ಸ್ ತಂಡದ ಯುವ ಬಳಗಕ್ಕೆ ಒಂದನೆಯ ಸ್ಥಾನ ಕೊಟ್ಟಿತು. ನೂರರ ಪಟ್ಟಿಯಲ್ಲಿ ಆ ಒಂದೇ ತಂಡದ ಒಂಬತ್ತು ಜನರಿದ್ದರು, ಮೊದಲ ಹತ್ತರೊಳಗೇ ಮೂವರು. 1985ರಿಂದ ಪ್ಲೇಆಫ್ ಕಾಣದ, ದೊಡ್ಡ ನಗರಗಳ ತಂಡಗಳಷ್ಟು ಹಣವಿಲ್ಲದ ರಾಯಲ್ಸ್ 2014ರಲ್ಲಿ ಋತುವಿನ ಅಂತಿಮ ಹಣಾಹಣಿಯಾದ ವಿಶ್ವ ಸರಣಿಯ ಏಳನೆಯ, ಅಂದರೆ ಕೊನೆಯ ಪಂದ್ಯದವರೆಗೆ ಹೋಗಿ ಸೋತಿತು, 2015ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡವನ್ನು ಸೋಲಿಸಿ ಗೆದ್ದಿತು. ಇಷ್ಟನ್ನೇ ಓದಿದರೆ ಪಟ್ಟಿ ಹೇಳಿದಂತೆಯೇ ಆಯಿತು ಎನ್ನಿಸುತ್ತದೆ.

ಆದರೆ ಆ ಒಂಬತ್ತು ಜನ ಏನಾದರು ಎಂದು ಹೆಸರು ಹಿಡಿದು ನೋಡಿದರೆ ಕತೆ ಬೇರೆಯೇ ಇದೆ. ಎರಿಕ್ ಹಾಸ್ಮರ್ ಮತ್ತು ಮೈಕ್ ಮೌಸ್ಟಾಕಸ್ ನಿರೀಕ್ಷೆಯಂತೆ ತಂಡದ ಕಂಬಗಳಾದರು; 2015ರ ಕೊನೆಯ ಪಂದ್ಯದಲ್ಲಿ, ಸಾಮಾನ್ಯವಾಗಿ ಆಟ ಮುಗಿಯುವ ಒಂಬತ್ತನೆಯ ಇನಿಂಗ್ಸಿನಲ್ಲಿ ಸ್ಕೋರನ್ನು ಸಮ ಮಾಡಿದ ಓಟ ಹಾಸ್ಮರ್ ಅವರದೇ. ಡ್ಯಾನಿ ಡಫಿ ಬುಲ್‌ಪೆನ್ನಿನಲ್ಲಿದ್ದರು. ಕಾಯಂ ಸ್ಥಾನವನ್ನೇ ಪಡೆಯಲಾಗದ ಕ್ರಿಶ್ಚಿಯನ್ ಕೊಲೊನ್ ಅದೇ ಪಂದ್ಯದ ಹನ್ನೆರಡನೆಯ ಇನಿಂಗ್ಸಿನಲ್ಲಿ ಬದಲಿ ಬ್ಯಾಟರ್ ಆಗಿ ಬಂದು ಗೆಲುವಿನ ರನ್ ತಂದುಕೊಟ್ಟರು. ವಿಲ್ ಮೈಯರ್ಸ್, ಜೇಕ್ ಒಡೊರಿಜಿ, ಮೈಕ್ ಮಾಂಟ್ಗೊಮರಿ ಈ ಮೂವರನ್ನು 2012ರ ಡಿಸೆಂಬರಿನಲ್ಲಿ ಟ್ಯಾಂಪಾ ಬೇ ತಂಡಕ್ಕೆ ಕೊಟ್ಟು ಜೇಮ್ಸ್ ಶೀಲ್ಡ್ಸ್ ಮತ್ತು ವೇಡ್ ಡೇವಿಸ್ ಅವರನ್ನು ತರಲಾಯಿತು. ಮೈಯರ್ಸ್ ಮರುವರ್ಷವೇ ಲೀಗಿನ ಅತ್ಯುತ್ತಮ ಹೊಸ ಆಟಗಾರ ಪ್ರಶಸ್ತಿ ಪಡೆದಾಗ ರಾಯಲ್ಸ್ ಮೋಸ ಹೋಯಿತು ಎಂದು ಅನೇಕರು ಬರೆದರು. 2015ರಲ್ಲಿ ಕೊನೆಯ ಬ್ಯಾಟರನ್ನು ಔಟ್ ಮಾಡಿ ಕಪ್ ಗೆಲ್ಲಿಸಿದವರು ಅದೇ ಡೇವಿಸ್. ಎಡಗೈ ಪಿಚರ್ ಜಾನ್ ಲ್ಯಾಂಬ್ 2011ರಲ್ಲೇ ಮೊಣಕೈ ಶಸ್ತ್ರಚಿಕಿತ್ಸೆಗೆ ಒಳಗಾಗಿ ವರ್ಷಗಳನ್ನು ಕಳೆದುಕೊಂಡರು, ಆದರೂ 2015ರ ಜುಲೈನಲ್ಲಿ ಜಾನಿ ಕ್ಯುಯೆಟೊ ಅವರನ್ನು ತರಲು ಕೊಟ್ಟ ಮೂವರಲ್ಲಿ ಅವರೂ ಒಬ್ಬರಾಗಿದ್ದರು. ಆ ಕ್ಯುಯೆಟೊ ವಿಶ್ವ ಸರಣಿಯ ಎರಡನೆಯ ಪಂದ್ಯವನ್ನು ಎರಡೇ ಹಿಟ್, ಅಂದರೆ ಬ್ಯಾಟರ್ ಬೇಸ್ ತಲುಪುವಂಥ ಹೊಡೆತ, ಬಿಟ್ಟುಕೊಟ್ಟು ಒಬ್ಬರೇ ಮುಗಿಸಿದರು. ಒಂಬತ್ತನೆಯವರಾದ ಕ್ರಿಸ್ ಡ್ವೈಯರ್ ಮೇಜರ್ ಲೀಗಿನಲ್ಲಿ ನೆಲೆ ನಿಲ್ಲಲಿಲ್ಲ.

2015ರ ಸರಣಿಯ ಶ್ರೇಷ್ಠ ಆಟಗಾರ ಯಾರು? ವಿಕೆಟ್‌ಕೀಪರ್‌ನಂತೆ ಬ್ಯಾಟರ್ ಹಿಂದೆ ಕೂರುವ ಕ್ಯಾಚರ್, ಸಾಲ್ವಡಾರ್ ಪೆರೆಸ್. 2011ರಲ್ಲಿ ಅವರೂ ಅದೇ ಬಳಗದಲ್ಲಿದ್ದರು, ಆದರೆ ನೂರರ ಪಟ್ಟಿಯಲ್ಲಿ ಇರಲಿಲ್ಲ.

ಆದ್ದರಿಂದ ‘ಒಂದನೆಯ ಬಳಗ’ ಎಂಬ ಮಾತು ನಿಜವಾದರೂ ಅದು ನಿಜವಾದ ಬಗೆ ಪಟ್ಟಿಯನ್ನು ನೋಡಿ ಊಹಿಸಿದ ಬಗೆಯಲ್ಲ. ಒಂಬತ್ತು ಜನರಲ್ಲಿ ನಾಲ್ವರು ತಂಡದಲ್ಲೇ ಬೆಳೆದರು, ನಾಲ್ವರು ವಿನಿಮಯದ ಬೆಲೆಯಾಗಿ ತಂಡಕ್ಕೆ ನೆರವಾದರು, ಅತ್ಯಂತ ಮುಖ್ಯನಾದವನು ಪಟ್ಟಿಯ ಹೊರಗಿನಿಂದ ಬಂದನು. ಯುವ ಬಳಗದ ಬಲ ಎಂದರೆ ಆಯ್ಕೆಗಳು ಹೆಚ್ಚಿರುವುದು. ಹತ್ತು ದಾರಿಗಳಿದ್ದರೆ ಆರು ಮುಚ್ಚಿದರೂ ನಡೆಯಬಹುದು. ಈ ಕಾರಣಕ್ಕಾಗಿಯೇ ಮೇಲಿನ ಇಬ್ಬರು ಮೂವರು ತಾರೆಗಳಿಗೆ ಹೆಚ್ಚು ತೂಕ ಕೊಡುವ ಶ್ರೇಯಾಂಕಕ್ಕಿಂತ, ಹದಿನೈದನೆಯವನೂ ಇಪ್ಪತ್ತೈದನೆಯವನೂ ಯಾರು ಎಂದು ತೋರಿಸುವ ಉದ್ದ ಪಟ್ಟಿಯನ್ನು ನಾನು ಹೆಚ್ಚು ನಂಬುತ್ತೇನೆ.

ಶ್ರೇಯಾಂಕದಲ್ಲಿ ಇನ್ನೊಂದು ತೊಡಕಿದೆ. ಮೇಜರ್ ಲೀಗಿನಲ್ಲಿ 130ಕ್ಕಿಂತ ಹೆಚ್ಚು ಬಾರಿ ಬ್ಯಾಟ್ ಮಾಡಿದ, ಅಥವಾ 50ಕ್ಕಿಂತ ಹೆಚ್ಚು ಇನಿಂಗ್ಸ್ ಪಿಚ್ ಮಾಡಿದ, ಅಥವಾ 45ಕ್ಕಿಂತ ಹೆಚ್ಚು ದಿನ ತಂಡದಲ್ಲಿದ್ದ ಆಟಗಾರನನ್ನು ಹೊಸಬ ಎಂದು ಲೆಕ್ಕಿಸುವುದಿಲ್ಲ, ಹೀಗಾಗಿ ಅವನ ಹೆಸರು ಸಾಮಾನ್ಯವಾಗಿ ಈ ಪಟ್ಟಿಗಳಿಂದ ಹೊರಹೋಗುತ್ತದೆ. ಅಂದರೆ ಹುಡುಗರು ಯಶಸ್ವಿಯಾದ ಕೂಡಲೇ ಬಳಗದ ಶ್ರೇಯಾಂಕ ಕುಸಿಯುತ್ತದೆ. ಮಂಡ್ಯದ ನಾಲಾ ಬಯಲಿನಲ್ಲಿ ನಾಟಿ ಮುಗಿದ ವಾರ ಸಸಿಮಡಿ ಬರಿದಾಗಿ ಕಂಡರೆ ಯಾವ ರೈತರೂ ಬೆಳೆ ಹೋಯಿತೆಂದು ಕೊರಗುವುದಿಲ್ಲ, ಸಸಿಗಳು ಗದ್ದೆಯಲ್ಲಿವೆ ಎಂದು ಅವರಿಗೆ ಗೊತ್ತಿರುತ್ತದೆ. 2018ರಲ್ಲಿ 115 ಪಂದ್ಯ ಸೋತ ಬಾಲ್ಟಿಮೋರ್ ಓರಿಯೊಲ್ಸ್, ಆ್ಯಡ್ಲಿ ರಚ್‌ಮನ್, ಗನ್ನರ್ ಹೆಂಡರ್ಸನ್ ಮೊದಲಾದವರನ್ನು ಬೆಳೆಸಿ 2023ರಲ್ಲಿ 101 ಪಂದ್ಯ ಗೆದ್ದಿತು. ಅಂಥ ತಂಡ ಮುಂದೆ ಪಟ್ಟಿಯಲ್ಲಿ ಕೆಳಗಿಳಿದರೆ ಅದು ಸೋಲೋ ಫಲವೋ ಎಂಬುದನ್ನು ಓದುಗರೇ ಹುಡುಕಬೇಕು. ಮೂರು ಸೇವೆಗಳೂ ತಂಡದ ಶ್ರೇಯಾಂಕದ ಪಕ್ಕದಲ್ಲಿ ‘ಇತ್ತೀಚೆಗೆ ಪಟ್ಟಿ ದಾಟಿದವರು’ ಎಂಬ ಒಂದು ಸಾಲನ್ನು ಎದ್ದು ಕಾಣುವಂತೆ ಕೊಟ್ಟರೆ ದೊಡ್ಡ ಉಪಕಾರವಾಗುತ್ತದೆ.

ವಯಸ್ಸು ಮತ್ತು ಹಂತದ ಸಂಬಂಧವನ್ನು ಮೂರೂ ಚೆನ್ನಾಗಿ ಕಲಿಸುತ್ತವೆ. ಇಪ್ಪತ್ತನಾಲ್ಕರ ಬ್ಯಾಟರ್ ಸಿಂಗಲ್-ಎ ಮಟ್ಟದಲ್ಲಿ ಮೆರೆದರೆ ಅದರಲ್ಲಿ ವಿಶೇಷವಿಲ್ಲ, ಅವನು ತನಗಿಂತ ಕಿರಿಯರನ್ನು ಎದುರಿಸುತ್ತಿದ್ದಾನೆ. ಹತ್ತೊಂಬತ್ತರ ಹುಡುಗ ಡಬಲ್-ಎ ಮಟ್ಟದಲ್ಲಿ ಸಾಧಾರಣವಾಗಿ ಆಡಿದರೂ ಅದು ದೊಡ್ಡ ಸುದ್ದಿ. ಹುವಾನ್ ಸೋಟೊ 2018ರ ಋತುವನ್ನು ಸಿಂಗಲ್-ಎ ಮಟ್ಟದಲ್ಲಿ ಆರಂಭಿಸಿ, ಮೇ ತಿಂಗಳಲ್ಲೇ ಹತ್ತೊಂಬತ್ತರ ವಯಸ್ಸಿನಲ್ಲಿ ವಾಷಿಂಗ್ಟನ್ ತಂಡಕ್ಕೆ ಬಂದರು. ಆದರೆ ಇದೂ ಖಾತರಿಯ ಮಾತಲ್ಲ. 2022ರ ಡ್ರಾಫ್ಟಿನ ಮೊದಲ ಆಯ್ಕೆಯಾದ ಜಾಕ್ಸನ್ ಹಾಲಿಡೇ ಮರುವರ್ಷ ನಾಲ್ಕೂ ಮೆಟ್ಟಿಲುಗಳನ್ನು ಒಂದೇ ಋತುವಿನಲ್ಲಿ ಹತ್ತಿ, ಎಲ್ಲರಿಂದಲೂ ಪ್ರಥಮ ದರ್ಜೆಯ ಭರವಸೆ ಎನಿಸಿಕೊಂಡು 2024ರ ಏಪ್ರಿಲ್‌ನಲ್ಲಿ ಮೇಜರ್ ಲೀಗಿಗೆ ಬಂದಾಗ, 34 ಅವಕಾಶಗಳಲ್ಲಿ ಎರಡೇ ಹಿಟ್ ಗಳಿಸಿ ಟ್ರಿಪಲ್-ಎಗೆ ಹಿಂತಿರುಗಬೇಕಾಯಿತು. ಟ್ರಿಪಲ್-ಎ ಮತ್ತು ಮೇಜರ್ ಲೀಗಿನ ನಡುವಿನ ಮೆಟ್ಟಿಲೇ ಎಲ್ಲಕ್ಕಿಂತ ಎತ್ತರದ್ದು. ಅಂಕಿಅಂಶಗಳನ್ನು ಓದುವಾಗ ಮೈದಾನವನ್ನೂ ನೋಡಬೇಕು: ಪೆಸಿಫಿಕ್ ಕೋಸ್ಟ್ ಲೀಗಿನ ಅಲ್ಬುಕರ್ಕಿ, ರೀನೊ ಮೊದಲಾದ ಎತ್ತರದ ಊರುಗಳ ತೆಳುಗಾಳಿಯಲ್ಲಿ ಚೆಂಡು ದೂರ ಹೋಗುತ್ತದೆ, ಹಾಗಾಗಿ ಅಲ್ಲಿನ ಹೋಮ್ ರನ್‌ಗಳಿಗೆ ಸ್ವಲ್ಪ ಕಡಿತ ಹಾಕಿಕೊಳ್ಳಬೇಕು. 2023ರಿಂದ ಟ್ರಿಪಲ್-ಎ ಆಟಗಳಲ್ಲಿ ಚೆಂಡು ಬ್ಯಾಟಿನಿಂದ ಚಿಮ್ಮುವ ವೇಗದಂತಹ ಅಳತೆಗಳೂ ಸಾರ್ವಜನಿಕರಿಗೆ ಸಿಗುತ್ತಿರುವುದರಿಂದ ಈ ಲೆಕ್ಕ ಸುಲಭವಾಗಿದೆ.

ಪಿಚರ್‌ಗಳ ವಿಷಯದಲ್ಲಿ ನಾನು ಮೂರೂ ಸೇವೆಗಳಿಗಿಂತ ಕಟ್ಟುನಿಟ್ಟು. 1991ರ ಡ್ರಾಫ್ಟಿನಲ್ಲಿ ನ್ಯೂಯಾರ್ಕ್ ಯಾಂಕೀಸ್ ಮೊದಲ ಆಯ್ಕೆಯಾಗಿ ಪಡೆದ ಬ್ರಿಯೆನ್ ಟೇಲರ್, ಮರುವರ್ಷ ಬೇಸ್‌ಬಾಲ್ ಅಮೆರಿಕದ ನೂರರ ಪಟ್ಟಿಯ ತಲೆಯಲ್ಲಿದ್ದರು. ಭುಜದ ಗಾಯದಿಂದಾಗಿ ಅವರು ಮೇಜರ್ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಮೊಣಕೈಯ ಸ್ನಾಯುಬಂಧವನ್ನು ಮರುಜೋಡಿಸುವ ಟಾಮಿ ಜಾನ್ ಶಸ್ತ್ರಚಿಕಿತ್ಸೆ 1974ರಲ್ಲಿ ಮೊದಲ ಬಾರಿ ನಡೆದ ಮೇಲೆ ಅನೇಕರ ಆಟ ಉಳಿದಿದೆ, ಆದರೆ ಅದಕ್ಕೆ ಒಂದು ವರ್ಷಕ್ಕೂ ಹೆಚ್ಚು ಕಾಲ ಬಲಿಯಾಗುತ್ತದೆ, ಮತ್ತು ಬೆಳೆಯುವ ವಯಸ್ಸಿನಲ್ಲಿ ಆ ಕಾಲ ಹಿಂತಿರುಗಿ ಬರುವುದಿಲ್ಲ. ಎರಡು ತಂಡಗಳ ಒಟ್ಟು ಅಂಕ ಒಂದೇ ಇದ್ದು, ಒಂದರ ಬಲ ಪಿಚರ್‌ಗಳಲ್ಲಿ, ಇನ್ನೊಂದರದು ಶಾರ್ಟ್‌ಸ್ಟಾಪ್ ಮತ್ತು ಸೆಂಟರ್ ಫೀಲ್ಡ್ ಆಟಗಾರರಲ್ಲಿ ಇದ್ದರೆ, ನಾನು ಎರಡನೆಯದನ್ನೇ ಬಲವಾದದ್ದು ಎನ್ನುತ್ತೇನೆ. ಕ್ಷೇತ್ರರಕ್ಷಣೆಯ ಆ ಕಠಿಣ ಸ್ಥಾನಗಳಲ್ಲಿ ಆಡಬಲ್ಲವನು ಬೇರೆ ಸ್ಥಾನಕ್ಕೆ ಸರಿಯಬಲ್ಲ. ಫಸ್ಟ್ ಬೇಸಿನಲ್ಲಿ ಮಾತ್ರ ನಿಲ್ಲಬಲ್ಲವನಿಗೆ ಬ್ಯಾಟಿಂಗ್ ಕೈಕೊಟ್ಟರೆ ಬೇರೆ ದಾರಿಯಿಲ್ಲ.

ಪಟ್ಟಿಗಳ ಕಣ್ಣು ತಪ್ಪಿದವರೂ ಇದ್ದಾರೆ. ವೆನೆಜುವೆಲಾದ ಹೊಸೆ ಅಲ್ಟುವೆ ಐದಡಿ ಆರಿಂಚಿನ ಎತ್ತರದವರು. 2007ರಲ್ಲಿ ಹದಿನೈದು ಸಾವಿರ ಡಾಲರಿಗೆ ಹ್ಯೂಸ್ಟನ್ ಆ್ಯಸ್ಟ್ರೋಸ್ ಸೇರಿದ ಅವರು ಬೇಸ್‌ಬಾಲ್ ಅಮೆರಿಕದ ನೂರರ ಪಟ್ಟಿಗೆ ಎಂದೂ ಬರಲಿಲ್ಲ, ಮುಂದೆ 2017ರಲ್ಲಿ ಲೀಗಿನ ಶ್ರೇಷ್ಠ ಆಟಗಾರರಾದರು. 1988ರ ಡ್ರಾಫ್ಟಿನ 62ನೆಯ ಸುತ್ತಿನಲ್ಲಿ ಆಯ್ಕೆಯಾದ ಮೈಕ್ ಪಿಯಾಜಾ 2016ರಲ್ಲಿ ಬೇಸ್‌ಬಾಲಿನ ಶ್ರೇಷ್ಠರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ಇದನ್ನು ಸೇವೆಗಳ ದೋಷವೆಂದು ನಾನು ಎಣಿಸುವುದಿಲ್ಲ, ಮನುಷ್ಯರ ಬೆಳವಣಿಗೆಯನ್ನು ಅಳೆಯುವಲ್ಲಿ ಇಷ್ಟು ತಪ್ಪು ಸಹಜ. ನಿಜವಾದ ದೋಷ ಬೇರೆ ಕಡೆ ಇದೆ. ನಲವತ್ತನೆಯ ಹಾಗೂ ತೊಂಬತ್ತನೆಯ ಸ್ಥಾನದ ಆಟಗಾರರ ನಡುವೆ ಬಹಳ ಬಾರಿ ಅರ್ಧ ಅಂಕದ ವ್ಯತ್ಯಾಸವೂ ಇರುವುದಿಲ್ಲ, ಆದರೆ ಸಾಲಾಗಿ ಬರೆದಾಗ ಐವತ್ತು ಮೆಟ್ಟಿಲುಗಳ ಅಂತರವಿದ್ದಂತೆ ಕಾಣುತ್ತದೆ. ಬರೆಯುವವರಿಗೆ ಮಾಹಿತಿ ಕೊಡುವವರಲ್ಲಿ ಆಯಾ ತಂಡಗಳ ಅಧಿಕಾರಿಗಳೂ ಇರುತ್ತಾರೆ, ತಮ್ಮ ಹುಡುಗರನ್ನು ಹೊಗಳುವುದರಲ್ಲಿ ಅವರಿಗೆ ಲಾಭವಿದೆ. ಬೇರೆ ತಂಡಗಳಿಗಾಗಿ ಆಟಗಾರರನ್ನು ಹುಡುಕುವ ಸ್ಕೌಟ್‌ಗಳು ಹೇಳಿದ್ದನ್ನೂ ಸ್ವಂತ ತಂಡದವರು ಹೇಳಿದ್ದನ್ನೂ ಬೇರ್ಪಡಿಸಿ ತೋರಿಸುವ ಬರಹ ನನಗೆ ಅಪರೂಪವಾಗಿಯೇ ಸಿಕ್ಕಿದೆ.

ಈ ಪಟ್ಟಿಗಳು ಈಗ ಕೇವಲ ಓದುಗರ ಕುತೂಹಲದ ವಸ್ತುವಾಗಿಯೂ ಉಳಿದಿಲ್ಲ. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2022ರ ಒಪ್ಪಂದದ ಪ್ರಕಾರ, ಬೇಸ್‌ಬಾಲ್ ಅಮೆರಿಕ, ಕ್ರೀಡಾವಾಹಿನಿ ಇಎಸ್‌ಪಿಎನ್ ಮತ್ತು ಎಂಎಲ್‌ಬಿ ಪೈಪ್‌ಲೈನ್ ಪಟ್ಟಿಗಳಲ್ಲಿ ಕನಿಷ್ಠ ಎರಡರ ಮೊದಲ ನೂರರಲ್ಲಿರುವ ಹುಡುಗನನ್ನು ಋತುವಿನ ಆರಂಭದಿಂದಲೇ ಆಡಿಸಿ, ಅವನು ಅತ್ಯುತ್ತಮ ಹೊಸ ಆಟಗಾರ ಪ್ರಶಸ್ತಿ ಗೆದ್ದರೆ, ತಂಡಕ್ಕೆ ಡ್ರಾಫ್ಟಿನಲ್ಲಿ ಹೆಚ್ಚುವರಿ ಆಯ್ಕೆ ಸಿಗುತ್ತದೆ. 2022ರಲ್ಲಿ ಹೂಲಿಯೊ ರೊಡ್ರೀಗಸ್ ಅವರ ಮೂಲಕ ಸಿಯಾಟಲ್ ಮ್ಯಾರಿನರ್ಸ್ ಹೀಗೆ ಒಂದು ಆಯ್ಕೆಯನ್ನು ಗಳಿಸಿತು. ಪತ್ರಕರ್ತರ ಅಂದಾಜಿನಿಂದ ತಂಡಗಳ ಲಾಭ ನಷ್ಟ ನಿರ್ಧಾರವಾಗುವಾಗ, ಆ ಅಂದಾಜನ್ನು ಹೇಗೆ ಮಾಡಿದರು ಎಂಬುದನ್ನು ಇನ್ನೂ ಬಿಚ್ಚಿ ಹೇಳುವ ಹೊಣೆ ಅವರ ಮೇಲಿದೆ.

ಮೈಸೂರಿಗೆ ಇದರಿಂದ ಏನು ದಕ್ಕುತ್ತದೆ ಎಂಬ ಪ್ರಶ್ನೆಗೆ ಬರುತ್ತೇನೆ. ಈ ಊರಿನ ಜಾವಗಲ್ ಶ್ರೀನಾಥ್ ಕ್ಲಬ್ ಪಂದ್ಯದಲ್ಲಿ ಗುಂಡಪ್ಪ ವಿಶ್ವನಾಥ್ ಅವರ ಕಣ್ಣಿಗೆ ಬಿದ್ದು, 1989-90ರಲ್ಲಿ ಹೈದರಾಬಾದ್ ವಿರುದ್ಧ ತಮ್ಮ ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್ ಪಡೆದವರು. ಬಲ್ಲವರ ಕಣ್ಣು ಎಷ್ಟು ಬೆಲೆಯುಳ್ಳದ್ದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಆ ಕಣ್ಣು ಅಂದು ಆ ಮೈದಾನದ ಕಡೆ ಬಾರದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಉಳಿಯುತ್ತದೆ, ಕಣ್ಣಿಗೆ ಕಂಡದ್ದನ್ನು ಬರೆದಿಡುವ ವ್ಯವಸ್ಥೆ ಬೇಕಾಗುವುದು ಅದಕ್ಕಾಗಿಯೇ. 2024ರಲ್ಲಿ ಮೈಸೂರು ವಾರಿಯರ್ಸ್ ಮಹಾರಾಜ ಟ್ರೋಫಿ ಗೆದ್ದಾಗ ನಾವೆಲ್ಲರೂ ಸಂತೋಷಪಟ್ಟೆವು, ಆದರೆ ಆ ಗೆಲುವಿನಿಂದ ಮೈಸೂರು ವಲಯದಲ್ಲಿ ಬೆಳೆಯುತ್ತಿರುವ ಹುಡುಗರ ಬಲ ಎಷ್ಟೆಂದು ಅಳೆಯಲಾಗದು. ಅದು ವಲಯದ ಹೊರಗಿನ ಆಟಗಾರರೂ ಸೇರಿ ಆಡುವ ತಂಡ.

ಗೆಳೆಯರ ಜೊತೆ ಸ್ಥಳೀಯ ಪಂದ್ಯಗಳನ್ನು ನೋಡುವಾಗ ಈ 20-80ರ ಕೋಲನ್ನು ನಾವು ಬಳಸಿ ನೋಡಿದ್ದೇವೆ. ಮೊದಲ ತೊಡಕು 50 ಎಂದರೆ ಯಾರು ಎಂಬುದರಲ್ಲೇ ಬಂತು. ಬಹಳ ಚರ್ಚೆಯ ನಂತರ ರಣಜಿ ತಂಡದ ಕಾಯಂ ಆಟಗಾರನ ಮಟ್ಟವೇ 50 ಎಂದು ಒಪ್ಪಿಕೊಂಡೆವು, ಒಪ್ಪಿಕೊಂಡ ಕೂಡಲೇ ನಾವು ಮೆಚ್ಚಿ ಕುಣಿಯುತ್ತಿದ್ದ ಅನೇಕ ಹುಡುಗರ ಇಂದಿನ ಅಂಕ 35ಕ್ಕೆ ಇಳಿಯಿತು. ಹಾಗೆ ಇಳಿದದ್ದು ಒಳ್ಳೆಯದೇ. ಒಂದು ಭಾನುವಾರದ ಶತಕದಿಂದ ಹುಟ್ಟುವ ಉತ್ಸಾಹವನ್ನು ಅದು ಹದಕ್ಕೆ ತರುತ್ತದೆ. ವೇಗದ ಬೌಲರ್‌ನ ವೇಗ, ಹತೋಟಿ, ಹಳೆಯ ಚೆಂಡಿನ ಬಳಕೆ, ದಣಿವಿನಲ್ಲೂ ಉಳಿಯುವ ಲಯ, ಇವುಗಳಿಗೆ ಬೇರೆ ಬೇರೆ ಅಂಕ ಕೊಡುವ ಅಭ್ಯಾಸವಾದ ಮೇಲೆ ನಮ್ಮ ವಾದಗಳು ಚಿಕ್ಕದಾದವು, ಉಪಯುಕ್ತವೂ ಆದವು. ಆದರೆ ಒಂದು ವಿಷಯದಲ್ಲಿ ಅಮೆರಿಕದವರನ್ನು ಅನುಸರಿಸಬಾರದು ಎಂದು ನನ್ನ ದೃಢವಾದ ನಂಬಿಕೆ. ಹದಿನಾರು ಹದಿನೇಳರ ಮಕ್ಕಳ ಹೆಸರಿನ ಮುಂದೆ ಅಂಕ ಬರೆದು ಊರಿಗೆಲ್ಲ ತೋರಿಸುವುದು ಸರಿಯಲ್ಲ. ಶಾಲೆ, ಮನೆ, ನೆರೆಹೊರೆ ಎಲ್ಲವೂ ಒಂದೇ ಬಡಾವಣೆಯಲ್ಲಿರುವ ನಮ್ಮಂಥ ಊರಿನಲ್ಲಿ ಆ ಅಂಕ ಮಗುವಿನ ಬೆನ್ನಿಗೆ ಅಂಟಿಕೊಳ್ಳುತ್ತದೆ. ಹತ್ತೊಂಬತ್ತು ದಾಟುವವರೆಗೆ ಅದು ತರಬೇತುದಾರರ ಪುಸ್ತಕದಲ್ಲೇ ಇರಲಿ.

ಕೊಳ್ಳುವವರಿಗೆ ನನ್ನ ಸಲಹೆ ಹೀಗಿದೆ. ಬೇಸ್‌ಬಾಲಿಗೆ ಹೊಸಬರಾದವರು ಒಂದು ಪೂರ್ತಿ ಋತು ಎಂಎಲ್‌ಬಿ ಪೈಪ್‌ಲೈನನ್ನು ಮಾತ್ರ ಓದಿ, ಯಾವುದಾದರೂ ಒಂದೇ ತಂಡದ ಮೂವತ್ತು ಜನರನ್ನು ಹಿಂಬಾಲಿಸಲಿ. ಅದು ರುಚಿಸಿದರೆ ಫ್ಯಾನ್‌ಗ್ರಾಫ್ಸ್‌ನ ಪಟ್ಟಿಕೆಗೆ ಹೋಗಬಹುದು. ಅದನ್ನು ಹಣ ಕೊಡದೆಯೂ ಓದಬಹುದಾದರೂ ನಿತ್ಯ ಬಳಸುವವರು ಸದಸ್ಯರಾಗಿ ನೆರವಾಗುವುದು ನ್ಯಾಯ. ಬೇಸ್‌ಬಾಲ್ ಅಮೆರಿಕದ ಚಂದಾ, ಹಳೆಯ ಪಟ್ಟಿಗಳನ್ನು ಕೆದಕಿ ತಾಳೆ ನೋಡುವ ಆಸಕ್ತಿ ಇರುವವರಿಗೆ ಮಾತ್ರ ಪೂರ್ತಿ ಬೆಲೆ ಕೊಡುತ್ತದೆ. ಚಂದಾ ಕಟ್ಟುವುದಾದರೆ ನವೆಂಬರಿನಿಂದ ಫೆಬ್ರವರಿಯ ನಡುವೆ ಕಟ್ಟಿ, ತಂಡವಾರು ಪಟ್ಟಿಗಳು ಆಗಲೇ ಹೊರಬರುತ್ತವೆ. ಜುಲೈನ ಡ್ರಾಫ್ಟ್ ಮತ್ತು ಆ ತಿಂಗಳ ಕೊನೆಗೋ ಆಗಸ್ಟ್ ಮೊದಲಿಗೋ ಬರುವ ಆಟಗಾರರ ವಿನಿಮಯದ ಗಡುವು ಮುಗಿದ ಮೇಲೆ ಅದೇ ಪಟ್ಟಿಗಳನ್ನು ಮತ್ತೊಮ್ಮೆ ತೆರೆದು, ಯಾರು ಹೋದರು, ಯಾರು ಬಂದರು, ಯಾರು ಮೇಲಿನ ತಂಡಕ್ಕೆ ದಾಟಿದರು ಎಂದು ಗುರುತು ಹಾಕಿಕೊಂಡರೆ ತಂಡದ ನಿಜವಾದ ಬಲ ಅಲ್ಲಿ ಕಾಣುತ್ತದೆ.